ಡೇ ಸ್ಕಾಲರ್ ಮಗಳಿಗೆ ಸೊರಾರಿಟಿ ಯಾಕೆ?



ಹೈಸ್ಕೂಲ್ ಮುಗಿಸುತ್ತಿರುವ ಹೆಣ್ಣುಮಕ್ಕಳಿರುವ ಮನೆಗಳಿಂದ ಇತ್ತೀಚೆಗೆ ನನಗೆ ಫೋನ್ ಬರುವುದು ಜಾಸ್ತಿಯಾಗಿದೆ. ಉಭಯ ಕುಶಲೋಪರಿ ಮುಗಿದ ಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಿಮ್ಮ ಮಗಳು ಮನೆಯಿಂದಲೇ ಕಾಲೇಜಿಗೆ ಓಡಾಡ್ತಾಳಲ್ಲ, ಮತ್ತೆ ಸೊರಾರಿಟಿ ಸೇರಿದ್ದಾಳಂತೆ? ಅದೆಲ್ಲ ಅಲ್ಲೇ ಇರೋ ಹುಡುಗೀರಿಗೆ ಅಲ್ವಾ?" ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಬಾಯಿಗೆ ಬಾರದೆ ನಿಂತಿರುತ್ತದೆ: ಸಿನಿಮಾದಲ್ಲಿ ತೋರಿಸುವ ಪಾರ್ಟಿ, ಕುಡಿತ ಎಲ್ಲ ನಿಜವಾ? ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಬರೆದೇ ಬಿಡಿ ಎಂದು ನಮ್ಮ ಸಂಪಾದಕರು ಹೇಳಿದ್ದರಿಂದ ಇದೋ, ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಸೊರಾರಿಟಿ ಎಂದರೆ ಹಾಸ್ಟೆಲ್ ಅಲ್ಲ. ಅದೊಂದು ಸಂಘ. ಸಂಘಕ್ಕೆ ಒಂದು ಮನೆ ಇರಬಹುದು, ಇಲ್ಲದೆಯೂ ಇರಬಹುದು. ಮನೆ ಇದ್ದ ಕಡೆಯೂ ಸದಸ್ಯೆಯರೆಲ್ಲ ಅದರಲ್ಲಿ ವಾಸ ಮಾಡುವುದಿಲ್ಲ. ನೂರೈವತ್ತು ಜನರ ಸಂಘಕ್ಕೆ ನಲವತ್ತು ಮಂಚದ ಮನೆ ಇದ್ದರೆ ಉಳಿದವರೆಲ್ಲ ಹೊರಗಿನವರೇ ತಾನೆ? ನಾವು ಕರ್ನಾಟಕದಲ್ಲಿ ಓದುವಾಗ ಕ್ಲಾಸಿನಲ್ಲಿ ಎರಡು ಜಾತಿ ಇದ್ದದ್ದು ನೆನಪಿದೆಯಲ್ಲ, ಹಾಸ್ಟೆಲಿನವರು ಮತ್ತು ಡೇ ಸ್ಕಾಲರ್‌ಗಳು ಅಂತ. ಇಲ್ಲಿ ಡೇ ಸ್ಕಾಲರ್‌ಗೆ 'ಕಮ್ಯೂಟರ್' ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಕಮ್ಯೂಟರ್ ಆದವಳು ಸೊರಾರಿಟಿ ಸೇರಬಾರದು ಎಂಬ ನಿಯಮ ನಾನು ಎಲ್ಲೂ ಕಂಡಿಲ್ಲ. ಆದರೆ ಸೇರಿದ ಮೇಲೆ ಅವಳ ಲೆಕ್ಕಾಚಾರ ಮಾತ್ರ ಬೇರೆ. ಆ ಲೆಕ್ಕಾಚಾರವೇ ಈ ಲೇಖನ.

ಅಂದ ಹಾಗೆ, ಹೆಸರಿನ ಬಗ್ಗೆ ಎರಡು ಮಾತು. ಮಗಳು ಸೊರಾರಿಟಿ ಸೇರಿದ್ದಾಳೆ ಎಂದು ದಾವಣಗೆರೆಯ ನಮ್ಮ ಅತ್ತೆಗೆ ಫೋನಿನಲ್ಲಿ ಹೇಳಿದಾಗ ಅವರು ಅದನ್ನು 'ಸೊಸೈಟಿ' ಎಂದು ಕೇಳಿಸಿಕೊಂಡು, "ಒಳ್ಳೇದಾಯ್ತು ಬಿಡವ್ವಾ, ಎಷ್ಟು ಶೇರು ತಗೊಂಡ್ಳು?" ಅಂದಿದ್ದರು! ನಿಜಕ್ಕೂ ಈ ಪದ ನಮಗೆ ದೂರದ್ದಲ್ಲ. ಲ್ಯಾಟಿನ್‌ನ 'ಸೊರೊರ್' ಎಂದರೆ ಅಕ್ಕತಂಗಿ, ಅದು ಸಂಸ್ಕೃತದ 'ಸ್ವಸೃ' ಪದದ ದಾಯಾದಿ. 'ಫ್ರಾಟರ್' ನಮ್ಮ 'ಭ್ರಾತೃ'ವಿನ ದಾಯಾದಿ ಇದ್ದ ಹಾಗೆ. ಸ್ವಾರಸ್ಯವೆಂದರೆ ಇಂಥ ಸಂಘಗಳು ಹುಟ್ಟಿದಾಗ ಈ ಪದವೇ ಇರಲಿಲ್ಲ, ಹುಡುಗಿಯರ ಸಂಘಕ್ಕೂ ಫ್ರಾಟರ್ನಿಟಿ ಎಂದೇ ಹೇಳುತ್ತಿದ್ದರು. 1874ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಗಾಮಾ ಫೈ ಬೀಟಾ ಸಂಘಕ್ಕಾಗಿ ಅಲ್ಲಿನ ಲ್ಯಾಟಿನ್ ಪ್ರಾಧ್ಯಾಪಕ ಫ್ರಾಂಕ್ ಸ್ಮಾಲಿ ಇದನ್ನು ಹೊಂದಿಸಿಕೊಟ್ಟರು.

ಇನ್ನೂ ಹಿಂದೆ ಹೋದರೆ 1851ರಲ್ಲಿ ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಫೀಮೇಲ್ ಕಾಲೇಜಿನಲ್ಲಿ ಅಡೆಲ್ಫಿಯನ್ ಸೊಸೈಟಿ ಎಂಬ ಗುಂಪು ಶುರುವಾಯಿತು (ಅತ್ತೆಯವರ 'ಸೊಸೈಟಿ' ಪೂರಾ ತಪ್ಪೇನಲ್ಲ ನೋಡಿ!). ಈಗಿನ ಆಲ್ಫಾ ಡೆಲ್ಟಾ ಪೈ ಅದೇ. ನನಗೆ ಹೆಚ್ಚು ಇಷ್ಟವಾದದ್ದು 1867ರ ಕಥೆ. ಇಲಿನಾಯ್ ರಾಜ್ಯದ ಮನ್‌ಮತ್ ಎಂಬ ಸಣ್ಣ ಊರು. ಅಲ್ಲಿನ ಕಾಲೇಜಿನ ಹನ್ನೆರಡು ಹುಡುಗಿಯರು ಸೇರಿ ಇಂದು ಪೈ ಬೀಟಾ ಫೈ ಎನ್ನುವ ಸಂಘ ಕಟ್ಟಿದರು. ಎಲ್ಲಿ ಕೂತು? ಕಾಲೇಜಿನಲ್ಲಲ್ಲ. ಅವರಲ್ಲಿ ಇಬ್ಬರು ಊರಿನ ಹೋಲ್ಟ್ ಎಂಬವರ ಮನೆಯಲ್ಲಿ ಕೋಣೆ ಬಾಡಿಗೆ ಹಿಡಿದಿದ್ದರು, ಅಲ್ಲಿ. ಸೊರಾರಿಟಿ ಎಂದರೆ ಬಿಳಿ ಕಂಬಗಳ ದೊಡ್ಡ ಬಂಗಲೆ ಎಂದು ಈಗ ನಾವು ಅಂದುಕೊಂಡಿದ್ದೇವೆ. ಆದರೆ ಸಂಘ ಮೊದಲು ಬಂತು, ಬಂಗಲೆ ಆಮೇಲೆ.

ಈಗ ಯಾವ ಯಾವ ಬಗೆಯವು ಇವೆ ನೋಡೋಣ. ಸಿನಿಮಾಗಳಲ್ಲಿ ಕಾಣುವವು ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದ ಮಾದರಿಯವು. ಈ ಒಕ್ಕೂಟ ಶುರುವಾದದ್ದು 1902ರಲ್ಲಿ. ಕಪ್ಪು ಜನಾಂಗದ ವಿದ್ಯಾರ್ಥಿನಿಯರು ತಾವೇ ಕಟ್ಟಿಕೊಂಡದ್ದು ಇನ್ನೊಂದು ಪರಂಪರೆ. 1908ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಆಲ್ಫಾ ಕಪ್ಪಾ ಆಲ್ಫಾ ಅದರಲ್ಲಿ ಮೊದಲನೆಯದು. ಕಮಲಾ ಹ್ಯಾರಿಸ್ ಅದೇ ಹೊವಾರ್ಡ್‌ನಲ್ಲಿ ಓದುವಾಗ 1986ರಲ್ಲಿ ಅದನ್ನು ಸೇರಿದ್ದರು.

ಮೂರನೆಯದು ನಮ್ಮ ಮಕ್ಕಳದು. 1998ರ ನವೆಂಬರ್, ಡಿಸೆಂಬರ್ ಎರಡೇ ತಿಂಗಳಲ್ಲಿ ಮೂರು ದಕ್ಷಿಣ ಏಷ್ಯಾ ಸೊರಾರಿಟಿಗಳು ಹುಟ್ಟಿದವು: ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಫೈ ಒಮೇಗಾ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಲ್ಲಿ ಸಿಗ್ಮಾ ಸಿಗ್ಮಾ ರೋ. 1965ರ ವಲಸೆ ಕಾನೂನಿನ ನಂತರ ಬಂದವರ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕಾಲೇಜು ಮುಟ್ಟಿದ ಕಾಲ ಅದು ಎಂಬುದನ್ನು ಗಮನಿಸಿ. ಇನ್ನೊಂದು ವಿಷಯ ನಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ಹ್ಯೂಸ್ಟನ್ ಆ ಕಾಲಕ್ಕೆ ಮನೆಯಿಂದ ಓಡಾಡುವವರ ವಿಶ್ವವಿದ್ಯಾಲಯವೆಂದೇ ಹೆಸರಾಗಿತ್ತು. ಸೇಂಟ್ ಜಾನ್ಸ್‌ನ ಕ್ವೀನ್ಸ್ ಕ್ಯಾಂಪಸ್ಸಿನಲ್ಲಂತೂ ವಿದ್ಯಾರ್ಥಿನಿಲಯಗಳು ತೆರೆದದ್ದೇ 1999ರಲ್ಲಿ. ಅಂದರೆ ಸಂಘ ಹುಟ್ಟಿದಾಗ ಕ್ಯಾಂಪಸ್ಸಿನಲ್ಲಿ ಮಲಗಲು ಒಂದು ಮಂಚವೂ ಇರಲಿಲ್ಲ! ಅಪ್ಪ ಅಮ್ಮನ ಮನೆಯಲ್ಲಿ ಊಟ ಮಾಡಿ, ಬಸ್ಸು, ರೈಲು ಹಿಡಿದು ಬರುವ ಹುಡುಗಿಯರು ಕಟ್ಟಿದ ಸೊರಾರಿಟಿ ಅದು. ಇಂಥ ಸಂಘಗಳಿಗೆ ಇಂದಿಗೂ ಸಾಮಾನ್ಯವಾಗಿ ಬಂಗಲೆಗಳಿಲ್ಲ, ಹಾಗಾಗಿ ಬಂಗಲೆಯ ಖರ್ಚೂ ಇಲ್ಲ.

ನಮ್ಮ ಮಗಳು ಸೇರಿದ್ದು ಮೊದಲ ಬಗೆಯದು, ಮನೆ ಇರುವಂಥದು. ಕಾರಣ ಸರಳ. ಅವಳ ಕ್ಯಾಂಪಸ್ಸಿನಲ್ಲಿ ದಕ್ಷಿಣ ಏಷ್ಯಾದ ಸಂಘ ಇರಲಿಲ್ಲ.

ನಾವು ಇರುವುದು ಕ್ಯಾಂಪಸ್ಸಿನಿಂದ 28 ಮೈಲಿ ದೂರದಲ್ಲಿ. ಡಾರ್ಮಿಟರಿ ಮತ್ತು ಊಟಕ್ಕೆ ವರ್ಷಕ್ಕೆ 12-13 ಸಾವಿರ ಡಾಲರ್, ಇವಳ ಹಿಂದೆಯೇ ತಮ್ಮನೂ ಕಾಲೇಜಿಗೆ ಬರುವವನು, ಆದ್ದರಿಂದ ಮನೆಯಿಂದಲೇ ಓಡಾಡುವುದು ಎಂದು ಮೂವರೂ ಕೂತು ತೀರ್ಮಾನಿಸಿದ್ದೆವು. ಮೊದಲ ವರ್ಷ ಅವಳು ಯಾವ ದೂರೂ ಹೇಳಲಿಲ್ಲ. ಡಿಸೆಂಬರ್‌ನಲ್ಲಿ ಒಂದು ದಿನ ಕಾರು ತೊಳೆಯಲು ಹೋದ ನಮ್ಮವರಿಗೆ ಮುಂದಿನ ಸೀಟಿನ ಸಂದಿಯಲ್ಲಿ ಒಣಗಿದ ಅನ್ನದಗುಳು, ಒಗ್ಗರಣೆಯ ಸಾಸಿವೆ ಸಿಕ್ಕಿದವು. ಕೇಳಿದರೆ, ಎರಡು ಕ್ಲಾಸುಗಳ ನಡುವೆ ಮೂರು ಗಂಟೆ ಬಿಡುವು, ಡಾರ್ಮಿನವರೆಲ್ಲ ಕೋಣೆಗೆ ಹೋಗುತ್ತಾರೆ, ಇವಳು ಪಾರ್ಕಿಂಗ್ ಲಾಟಿಗೆ ಹೋಗಿ ಕಾರಿನಲ್ಲಿ ಕೂತು ಮೊಸರನ್ನ ತಿನ್ನುತ್ತಾಳೆ! "ಲೈಬ್ರರಿಯಲ್ಲಿ ತಿನ್ನೋ ಹಾಗಿಲ್ಲಮ್ಮಾ. ಕೆಫೆಟೇರಿಯಾದಲ್ಲಿ ಎಲ್ಲರೂ ಗುಂಪು ಗುಂಪಾಗಿ ಕೂತಿರ್ತಾರೆ." ಅಷ್ಟೇ ಹೇಳಿದ್ದು. ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಡೇ ಸ್ಕಾಲರ್‌ಗೆ ಇಲ್ಲಿ ಇರುವ ಕಷ್ಟ ಇದು. ಊರಿನಲ್ಲಾದರೆ ಕಾಲೇಜು ಬಿಟ್ಟ ಮೇಲೂ ಬಸ್ ಸ್ಟಾಪು, ದರ್ಶಿನಿ, ಗೆಳತಿಯ ಮನೆ ಎಂದು ನೂರು ಜಾಗ ಇರುತ್ತಿದ್ದವು. ಇಲ್ಲಿ ಕ್ಲಾಸು ಮುಗಿದರೆ ಕಾರು, ಕಾರು ಬಿಟ್ಟರೆ ಮನೆ. ಎರಡನೇ ವರ್ಷದ ಆಗಸ್ಟ್‌ನಲ್ಲಿ ಅವಳಾಗಿಯೇ ಸೊರಾರಿಟಿಯ ಮಾತು ತೆಗೆದಾಗ ನಾನು ಬೇಡ ಅನ್ನಲಿಲ್ಲ. ನಮ್ಮವರು ಮಾತ್ರ, "ಗೆಳತಿಯರನ್ನ ದುಡ್ಡು ಕೊಟ್ಟು ತಗೋಬೇಕಾ?" ಎಂದು ಕೇಳಿದರು. ಅವಳು ತಿರುಗಿಸಿ ಕೇಳಿದಳು: "ಅಪ್ಪಾ, ಕನ್ನಡ ಕೂಟಕ್ಕೆ ಮೆಂಬರ್‌ಶಿಪ್ ಫೀ ಕೊಡ್ತೀರಲ್ಲ, ಅದು?" ಇದಕ್ಕೆ ಇಂದಿನವರೆಗೂ ಉತ್ತರ ಬಂದಿಲ್ಲ.

ಆಯ್ಕೆಯ ಕ್ರಮ ಹೀಗಿದೆ. ಬಹಳಷ್ಟು ಕಡೆ ತರಗತಿ ಶುರುವಾಗುವ ಮುಂಚೆ ಆಗಸ್ಟ್‌ನಲ್ಲಿ, ಕೆಲವು ಕಡೆ ಜನವರಿಯಲ್ಲಿ, ಹಲವು ದಿನ ಸುತ್ತುಗಳು ನಡೆಯುತ್ತವೆ. ಹುಡುಗಿಯರು ಒಂದೊಂದು ಸಂಘಕ್ಕೂ ಹೋಗಿ ಮಾತಾಡಿ ಬರಬೇಕು. ದಿನದ ಕೊನೆಗೆ ಇವರು ಅವರನ್ನು ಆರಿಸುತ್ತಾರೆ, ಅವರು ಇವರನ್ನು ಆರಿಸುತ್ತಾರೆ, ಸುತ್ತಿನಿಂದ ಸುತ್ತಿಗೆ ಪಟ್ಟಿ ಚಿಕ್ಕದಾಗುತ್ತಾ ಹೋಗುತ್ತದೆ. (ಹುಡುಗಿ ನೋಡುವ ಶಾಸ್ತ್ರದ ನೆನಪಾದರೆ ತಪ್ಪು ನನ್ನದಲ್ಲ! ಉಪ್ಪಿಟ್ಟು, ಕೇಸರಿಬಾತ್ ಒಂದು ಇಲ್ಲ ಅಷ್ಟೇ.) ಬೇಡವೆನಿಸಿಕೊಂಡ ಸಂಜೆ ಅಳು ಇದ್ದದ್ದೇ. ಕೊನೆಯ ಸುತ್ತಿನ ನಂತರ ಒಪ್ಪಿಗೆಗೆ ಸಹಿ ಹಾಕಬೇಕು. ಇದನ್ನು ದಯವಿಟ್ಟು ಎರಡು ಸಲ ಓದಿ. ತಾನು ಬರೆದ ಸಂಘಗಳಲ್ಲಿ ಒಂದು ಆಹ್ವಾನ ಕೊಟ್ಟು, ಆಮೇಲೆ ಅವಳು ಬೇಡ ಎಂದರೆ, ಮುಂದಿನ ವರ್ಷದ ಮುಖ್ಯ ಆಯ್ಕೆ ಬರುವವರೆಗೆ ಅದೇ ಕ್ಯಾಂಪಸ್ಸಿನಲ್ಲಿ ಆ ಒಕ್ಕೂಟದ ಸಂಘಗಳ ಪೈಕಿ ಬೇರೆ ಯಾವುದನ್ನೂ ಸೇರುವಂತಿಲ್ಲ. ದೀಕ್ಷೆ ಆದ ಮೇಲಂತೂ ಮುಗಿಯಿತು, ಅವುಗಳಲ್ಲಿ ಒಂದನ್ನು ಸೇರಿದವಳು ಇನ್ನೊಂದಕ್ಕೆ ಎಂದೂ ಹೋಗುವಂತಿಲ್ಲ. ಆದ್ದರಿಂದ ಮನೆಯಿಂದ ಓಡಾಡುವ ಹುಡುಗಿ ಕೇಳಬೇಕಾದ್ದನ್ನೆಲ್ಲ ಆ ಸಹಿಗೆ ಮುಂಚೆಯೇ ಕೇಳಿ ಮುಗಿಸಿರಬೇಕು.

ಏನು ಕೇಳಬೇಕು? ಮುಖ್ಯವಾಗಿ, ಮನೆಯಲ್ಲಿ ವಾಸ ಮಾಡದವಳು ಏನೇನು ಕೊಡಬೇಕು ಎಂದು. ರಾಷ್ಟ್ರೀಯ ಕಚೇರಿಯ ಶುಲ್ಕ, ಹೊಸ ಸದಸ್ಯೆಯ ಶುಲ್ಕ, ದೀಕ್ಷೆಯ ಶುಲ್ಕ, ಬ್ಯಾಡ್ಜ್, ಪ್ರತಿ ಸೆಮಿಸ್ಟರ್‌ನ ಚಂದಾ ಇವೆಲ್ಲ ಎಲ್ಲರಿಗೂ ಒಂದೇ. ಇದರ ಮೇಲೆ ಮನೆ ಇರುವ ಸಂಘಗಳಲ್ಲಿ ಹೊರಗಿನವರಿಗೆಂದೇ ಒಂದು ಶುಲ್ಕ ಇರುತ್ತದೆ, ಹಲವು ಕಡೆ ಅದರ ಹೆಸರು 'ಪಾರ್ಲರ್ ಫೀ'. ಬ್ಯೂಟಿ ಪಾರ್ಲರ್ ಅಲ್ಲ ಸ್ವಾಮಿ, ಮನೆಯ ಹಜಾರ, ಅಡುಗೆಮನೆ, ಓದುವ ಕೋಣೆ ಬಳಸಿದ್ದಕ್ಕೆ ಮತ್ತು ಕಟ್ಟಡದ ನಿರ್ವಹಣೆಗೆ. ಕೆಲವು ಕಡೆ ವಾರಕ್ಕೆ ಇಷ್ಟು ಊಟ ಎಂದು ಕಡ್ಡಾಯ ಊಟದ ದುಡ್ಡೂ ಸೇರುತ್ತದೆ. ಒಟ್ಟು ಮೊತ್ತ ಊರಿಂದ ಊರಿಗೆ ತುಂಬಾ ವ್ಯತ್ಯಾಸ. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹೊರಗಿನ ಸದಸ್ಯೆಯರಿಗೂ ಸೆಮಿಸ್ಟರ್‌ಗೆ ಸಾವಿರಗಳ ಲೆಕ್ಕ. ನಮಗೆ ಮೊದಲ ಸೆಮಿಸ್ಟರ್‌ಗೆ 870 ಡಾಲರ್ ಆಯಿತು, ಅದರಲ್ಲಿ ಪಾರ್ಲರ್ ಫೀ 210. ಟೀ ಶರ್ಟುಗಳದು ಬೇರೆ. ಟೀ ಶರ್ಟುಗಳ ಬಗ್ಗೆ ನಾನು ಇನ್ನೇನೂ ಹೇಳುವುದಿಲ್ಲ, ಒಂದು ಬೀರು ತುಂಬಿದೆ.

ಎರಡನೆಯದು, ಮುಂದೆ ಮನೆಯಲ್ಲಿ ವಾಸ ಮಾಡುವ ಕಡ್ಡಾಯ ಇದೆಯೇ ಎಂದು. ಇಷ್ಟು ದೊಡ್ಡ ಮನೆಯ ಮಂಚಗಳು ಖಾಲಿ ಬಿದ್ದರೆ ಸಾಲ, ವಿಮೆ ಕಟ್ಟುವುದು ಹೇಗೆ? ಹಾಗಾಗಿ ಎಷ್ಟೋ ಸಂಘಗಳಲ್ಲಿ ಒಂದು ವರ್ಷವಾದರೂ ಮನೆಯಲ್ಲಿರಬೇಕು, ಇಲ್ಲವೇ ಪದಾಧಿಕಾರಿಗಳಾದರೂ ಇರಬೇಕು ಎಂಬ ನಿಯಮ. ನಮ್ಮವಳು ಎರಡನೇ ಸುತ್ತಿನಲ್ಲೇ ಇದನ್ನು ಕೇಳಿದ್ದಳು. ತಂದೆ ತಾಯಿಯ ಮನೆಯಿಂದ ಓಡಾಡುವವರಿಗೆ ವಿನಾಯಿತಿ ಇದೆ ಎಂದು ಬಾಯಲ್ಲಿ ಹೇಳಿದ್ದನ್ನು ಖಜಾಂಚಿ ಹುಡುಗಿಯಿಂದ ಇಮೇಲ್‌ನಲ್ಲಿ ಬರೆಸಿಕೊಂಡು, ಅದನ್ನು ಪ್ರಿಂಟ್ ಮಾಡಿ ಫೈಲಿನಲ್ಲಿಟ್ಟೆವು.

ಅದು ಕೆಲಸಕ್ಕೆ ಬಂತು. ಫೆಬ್ರವರಿಯಲ್ಲಿ ಮನೆಯ ಆಡಳಿತ ನೋಡುವ ಹಳೆಯ ಸದಸ್ಯೆಯರ ಸಮಿತಿಯಿಂದ ಪತ್ರ: ಮುಂದಿನ ವರ್ಷಕ್ಕೆ ಆರು ಮಂಚ ಖಾಲಿ ಇವೆ, ನೀನು ಬಂದು ಇರಬೇಕು, ಇಲ್ಲದಿದ್ದರೆ ಮಂಚದ ಬಾಡಿಗೆ ಕಟ್ಟಬೇಕು. ಬಾಡಿಗೆ ವರ್ಷಕ್ಕೆ 7,400 ಡಾಲರ್. ನಮ್ಮವರು ಸಿಟ್ಟಿನಿಂದ ಸಂಘ ಬಿಟ್ಟುಬಿಡು ಎಂದರು. ನಾನು ಮಗಳ ಮುಖ ನೋಡಿದೆ. ಅವಳಿಗೆ ಹೋಗಿ ಇರುವ ಆಸೆ ಇತ್ತು. ಇಪ್ಪತ್ತು ವರ್ಷದ ಹುಡುಗಿಗೆ ಆಸೆ ಇಲ್ಲದೆ ಇರುತ್ತದೆಯೇ? "ನಿಂಗೇನನ್ಸತ್ತೆ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದುಡ್ಡು ತಮ್ಮನ ಫೀ ಅಮ್ಮಾ" ಎಂದು ಎದ್ದು ಹೋಗಿ ಫೈಲು ತಂದಳು. ಇಮೇಲ್ ತೋರಿಸಿದ ಮೇಲೂ ಸಮಿತಿ ತಕ್ಷಣ ಒಪ್ಪಲಿಲ್ಲ. ಖಜಾಂಚಿಗೆ ಹಾಗೆ ಬರೆಯುವ ಅಧಿಕಾರವೇ ಇಲ್ಲ ಎಂದರು. ಮೂರು ವಾರ ಪತ್ರ ವ್ಯವಹಾರ ನಡೆದು, ಕ್ಯಾಂಪಸ್ಸಿನಲ್ಲಿ ಈ ಸಂಘಗಳ ಉಸ್ತುವಾರಿ ನೋಡುವ ಕಚೇರಿಗೆ ಅವಳೇ ಹೋಗಿ ಮಾತಾಡಿದ ಮೇಲೆ ವಿನಾಯಿತಿ ಉಳಿಯಿತು. ಆ ಮೂರು ವಾರ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಕಾಗದದಲ್ಲಿ ಬರೆಸಿಕೊಳ್ಳಿ, ಅದೂ ಸಂಘದ ಸಲಹೆಗಾರರಿಂದ ಅಥವಾ ಆ ಸಮಿತಿಯಿಂದಲೇ ಬರೆಸಿಕೊಳ್ಳಿ ಎಂದು ನಾನು ಫೋನು ಮಾಡಿದವರಿಗೆಲ್ಲ ಹೇಳುವುದು ಇದಕ್ಕೇ.

ದುಡ್ಡಿಗಿಂತ ದೊಡ್ಡ ಖರ್ಚು ಹೊತ್ತು ಮತ್ತು ರಸ್ತೆ. ಸೋಮವಾರ ರಾತ್ರಿ ಏಳಕ್ಕೆ ಸಂಘದ ಸಭೆ, ಮುಗಿಯುವುದು ಒಂಬತ್ತೂವರೆಗೆ. ಮನೆಯಲ್ಲಿರುವವಳು ಮೆಟ್ಟಿಲು ಹತ್ತಿ ಮಲಗುತ್ತಾಳೆ, ಡಾರ್ಮಿನವಳು ಐದು ನಿಮಿಷ ನಡೆಯುತ್ತಾಳೆ, ನಮ್ಮವಳು ಹತ್ತೂವರೆಗೆ ಗ್ಯಾರೇಜಿನ ಬಾಗಿಲು ತೆಗೆಯುತ್ತಾಳೆ. ಅಲ್ಲಿಯವರೆಗೆ ನಾನು ಟೀವಿ ಮುಂದೆ ಕೂತು ಏನು ನೋಡಿದೆನೆಂದು ಕೇಳಬೇಡಿ. ಇದರ ಜೊತೆಗೆ ಸೇವಾ ಕಾರ್ಯಕ್ರಮ, ಓದಿನ ಗಂಟೆಗಳು, ಹಬ್ಬದಂಥ ವಾರಗಳು. ಬರದಿದ್ದರೆ ದಂಡ. ಹಿಮ ಬಿದ್ದು ಹೆದ್ದಾರಿಯೇ ಮುಚ್ಚಿದ ದಿನ ಬರಲಿಲ್ಲವೆಂದು 25 ಡಾಲರ್ ದಂಡ ಹಾಕಿದರು. ಕ್ಯಾಂಪಸ್ಸಿನಲ್ಲೇ ಇರುವ ಹುಡುಗಿಯರು ಮಾಡಿದ ನಿಯಮ, ಅವರ ಕಣ್ಣಿಗೆ ಹೆದ್ದಾರಿ ಎಲ್ಲಿಂದ ಕಾಣಬೇಕು!

ಇಷ್ಟೆಲ್ಲ ಹೇಳಿದ ಮೇಲೂ ಆ 210 ಡಾಲರ್ ಪಾರ್ಲರ್ ಫೀ ನಮ್ಮ ಮನೆಯಿಂದ ಹೋದ ಅತ್ಯಂತ ಸಾರ್ಥಕ ದುಡ್ಡು ಎಂದೇ ನನ್ನ ಅಭಿಪ್ರಾಯ. ಡಾರ್ಮಿನ ಹುಡುಗಿಗೆ ತನ್ನ ಕೋಣೆ ಇದೆ, ಆ ಹಜಾರ ಅವಳಿಗೆ ಹೆಚ್ಚುವರಿ. ಮನೆಯಿಂದ ಓಡಾಡುವವಳಿಗೆ ಕ್ಯಾಂಪಸ್ಸಿನಲ್ಲಿ ಇರುವುದೇ ಅದೊಂದು. ಫ್ರಿಜ್ಜಿನಲ್ಲಿ ಅವಳ ಹೆಸರು ಬರೆದ ಒಂದು ತಟ್ಟೆ ಜಾಗ, ಚೀಲ ಇಡಲು ಒಂದು ಮೂಲೆ, ಮೂರು ಗಂಟೆ ಕಾಲು ಚಾಚಿ ಕೂರಲು ಒಂದು ಸೋಫಾ. ಮೊಸರನ್ನ ಈಗ ಮೇಜಿನ ಮೇಲೆ ತಿನ್ನುತ್ತಾಳೆ. ಹಿಮದ ರಾತ್ರಿಗಳಲ್ಲಿ ಯಾರದಾದರೂ ಕೋಣೆಯಲ್ಲಿ ಹಾಸಿಗೆ ಹಾಕಿಕೊಡುತ್ತಾರೆ, ನನಗೂ ನಿದ್ದೆ. ಸಸ್ಯಾಹಾರದ ತೊಂದರೆ ಆಗಲಿಲ್ಲ. ಅಡುಗೆಯಾಕೆಗೆ ಮೊದಲೇ ಹೇಳಿದ್ದರೆ ಸಾಕು.

ಇನ್ನು ಆ ಬಾಯಿಗೆ ಬಾರದ ಪ್ರಶ್ನೆ. ಒಕ್ಕೂಟದ ಸೊರಾರಿಟಿ ಮನೆಗಳೊಳಗೆ ಮದ್ಯ ತರುವಂತಿಲ್ಲ, ಇದು ಹಳೆಯ ನಿಯಮ. ಪಾರ್ಟಿಗಳು ನಡೆಯುವುದು ಹೆಚ್ಚಾಗಿ ಹುಡುಗರ ಫ್ರಾಟರ್ನಿಟಿ ಮನೆಗಳಲ್ಲಿ. ಹೋಗುವ ಹುಡುಗಿಯರು ಇದ್ದಾರೆ, ಹೋಗದವರೂ ಇದ್ದಾರೆ. 28 ಮೈಲಿ ತಾನೇ ಕಾರು ಓಡಿಸಿಕೊಂಡು ಬರಬೇಕಾದವಳಿಗೆ ಕುಡಿಯುವ ಮಾತೇ ಇಲ್ಲ ಎಂಬುದು ನಮ್ಮ ಮನೆಯ ನಿಯಮ. ತಡವಾದರೆ ಬರಬೇಡ, ಅಲ್ಲೇ ಮಲಗು, ಆದರೆ ಫೋನ್ ಮಾಡು ಎಂಬುದು ಅದರ ಉಪನಿಯಮ.

ನಮ್ಮ ಕಾಲೇಜುಗಳ ರ್‍ಯಾಗಿಂಗ್‌ಗೆ ಇಲ್ಲಿ 'ಹೇಜಿಂಗ್' ಎನ್ನುತ್ತಾರೆ. 2017ರಲ್ಲಿ ಪೆನ್ ಸ್ಟೇಟ್‌ನಲ್ಲಿ ಟಿಮೊತಿ ಪಿಯಾಜಾ ಎಂಬ ಹುಡುಗ ಫ್ರಾಟರ್ನಿಟಿಯೊಂದರಲ್ಲಿ ವಿಪರೀತ ಕುಡಿಸಲ್ಪಟ್ಟು, ಬಿದ್ದು ತೀರಿಕೊಂಡದ್ದು ನೀವು ಓದಿರುತ್ತೀರಿ. ಅಂಥ ಸಾವುಗಳ ನಂತರ ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿಗಳು ವರ್ಷಗಟ್ಟಲೆ ಓಡಾಡಿದರು. 2024ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಬೈಡನ್ ಸಹಿಯೊಂದಿಗೆ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಎಂಬ ಕೇಂದ್ರ ಕಾನೂನು ಬಂತು. ಯಾವ ಸಂಘ ಹೇಜಿಂಗ್ ನಿಯಮ ಮುರಿದು ಸಿಕ್ಕಿಬಿದ್ದಿದೆ ಎಂಬ ವರದಿಯನ್ನು ವಿಶ್ವವಿದ್ಯಾಲಯಗಳು ಈಗ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಪಟ್ಟಿಯಲ್ಲಿ ಮಗಳು ಬಯಸಿದ ಸಂಘದ ಹೆಸರಿದೆಯೇ ಎಂದು ಸಹಿಗೆ ಮುಂಚೆ ನೋಡಿ. ದಿನಾ ರಾತ್ರಿ ಮನೆಗೆ ಬರುವ ಮಗಳ ಮುಖ ನೋಡುವ ಅವಕಾಶ ನಮಗಿದೆ, ದೂರದ ಊರಿಗೆ ಕಳಿಸಿದವರಿಗೆ ಅದಿಲ್ಲ.

ಬಣ್ಣದ ವಿಷಯ ಮುಚ್ಚಿಡುವುದಿಲ್ಲ. 2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ 'ಕ್ರಿಮ್ಸನ್ ವೈಟ್', ಕಪ್ಪು ವಿದ್ಯಾರ್ಥಿನಿಯೊಬ್ಬಳನ್ನು ಸೇರಿಸಿಕೊಳ್ಳಲು ಹುಡುಗಿಯರು ಸಿದ್ಧರಿದ್ದರೂ ಹಳೆಯ ಸದಸ್ಯೆಯರು ತಡೆದರು ಎಂದು ಬರೆಯಿತು. ಗಲಾಟೆಯಾಗಿ, ವಿಶ್ವವಿದ್ಯಾಲಯ ಆಯ್ಕೆಯನ್ನು ಮತ್ತೆ ತೆರೆಯಿಸಿತು. ಅದು ಬಹಳ ಹಿಂದಿನ ಮಾತಲ್ಲ. ಆದ್ದರಿಂದ ಗೋಡೆಯ ಮೇಲಿನ ಗುಂಪು ಫೋಟೋಗಳನ್ನು ನೋಡು, ನಿನ್ನ ಹಾಗೆ ಕಾಣುವವರು ಎಷ್ಟಿದ್ದಾರೆ ಎಣಿಸು ಎಂದು ಮಗಳಿಗೆ ಹೇಳಿದ್ದೆ. ಅವಳು ಎಣಿಸಿಕೊಂಡು ಬಂದಳು: ಏಳು.

ಈಗ ಅವಳು ಕೊನೆಯ ವರ್ಷ. ಹೆದ್ದಾರಿ ಮುಚ್ಚಿದ ದಿನ ಕಮ್ಯೂಟರ್‌ಗಳಿಗೆ ದಂಡವಿಲ್ಲ ಎಂಬ ನಿಯಮ ಸಂಘದ ಪುಸ್ತಕಕ್ಕೆ ಸೇರಿದೆ. ಪ್ರಸ್ತಾಪ ಇಟ್ಟವರು ಯಾರೆಂದು ಬೇರೆ ಹೇಳಬೇಕಿಲ್ಲ. ಆಗಸ್ಟ್‌ನ ಆಯ್ಕೆಗೆ ಹೆಸರು ಕೊಡುವುದು ಸಾಮಾನ್ಯವಾಗಿ ಬೇಸಿಗೆಯಲ್ಲೇ ಮುಗಿಯುತ್ತದೆ, ಹಾಗಾಗಿ ಆಸಕ್ತಿ ಇರುವ ಮನೆಯವರು ಈಗಲೇ ವಿಚಾರಿಸುವುದು ಒಳ್ಳೆಯದು. ನನಗಿಂತ ಅವಳಿಗೇ ಹೆಚ್ಚು ಗೊತ್ತು. ಸಂಕೋಚವಿಲ್ಲದೆ ಕೇಳಿ, ಕನ್ನಡದಲ್ಲೇ ಉತ್ತರ ಕೊಡುತ್ತಾಳೆ. ಅವಳ ಕನ್ನಡ ಕೇಳಿ ನಗಬಾರದು ಅಷ್ಟೇ.